ಮನೆಯ ಬಾತ್‌ರೂಮ್ ನೆಮ್ಮದಿಯ ಜಾಗವಾಗಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಬಾತ್‌ರೂಮ್ ಕಟ್ಟಿಸುವವರು, ಇರುವುದನ್ನೇ ಸರಿ ಮಾಡಿಕೊಳ್ಳಲು ಹೊರಟವರು ಮಾತಿನ ಮಧ್ಯೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಗೋಡೆ ಒಡೆಯುವ ಕೆಲಸ ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವ ಮುಂಚೆ

ಸ್ನಾನ ಮಾಡಿ ಹೊರಗೆ ಬರೋ ಜಾಗ ಅಷ್ಟೇ ಅಲ್ವಾ? ಅದಕ್ಕೆ ಇಷ್ಟೆಲ್ಲ ಯೋಚನೆ ಬೇಕಾ?

ಬೇಕು. ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಯಾರಿಗೂ ಉತ್ತರ ಕೊಡದೆ ಇರಬಹುದಾದ ಜಾಗ ಎಷ್ಟಿದೆ ಹೇಳಿ? ಬಹಳ ಮನೆಗಳಲ್ಲಿ ಇದೊಂದೇ. ಬೆಳಗ್ಗೆ ಎದ್ದ ಕೂಡಲೇ ಹೋಗುವುದು ಇಲ್ಲಿಗೆ, ರಾತ್ರಿ ಮಲಗುವ ಮುಂಚೆ ಹೋಗುವುದೂ ಇಲ್ಲಿಗೆ. ಹಾಗಿದ್ದೂ ಮನೆ ಕಟ್ಟುವಾಗ ಮಿಕ್ಕ ಮೂಲೆ, ಮಿಕ್ಕ ಹಣ ಇದರ ಪಾಲಿಗೆ ಬರುತ್ತದೆ.

ನೆಮ್ಮದಿಗೆ ಐಷಾರಾಮ ಬೇಕಿಲ್ಲ. ಒಣಗಿದ ನೆಲ, ವಾಸನೆ ಇಲ್ಲದ ಗಾಳಿ, ಕಣ್ಣಿಗೆ ಚುಚ್ಚದ ಬೆಳಕು, ಕೈ ಚಾಚಿದರೆ ಸಿಗುವ ಟವೆಲ್. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಎಲ್ಲಿಂದ ಶುರು ಮಾಡಲಿ? ಫೋಟೋ ನೋಡಿ ನೋಡಿ ತಲೆ ಕೆಟ್ಟುಹೋಗಿದೆ.

ಫೋಟೋ ಪಕ್ಕಕ್ಕಿಡಿ. ರಾತ್ರಿ ಮನೆಯಲ್ಲಿ ಸದ್ದಡಗಿದ ಮೇಲೆ ನಿಮ್ಮ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಸ್ಟೂಲ್ ಇಲ್ಲದಿದ್ದರೆ ಕಮೋಡಿನ ಮುಚ್ಚಳದ ಮೇಲಾದರೂ ಸರಿ. ಫೋನ್ ಬೇಡ. ಒಂದು ಚೀಟಿ, ಒಂದು ಪೆನ್ನು ಸಾಕು. ಏನೇನು ಕಿರಿಕಿರಿ ಮಾಡುತ್ತಿದೆ ಅಂತ ಬರೆದುಕೊಳ್ಳಿ. ತೊಟ್ಟಿಕ್ಕುವ ನಲ್ಲಿ. ಗೊರಗೊರ ಅನ್ನುವ ಫ್ಯಾನ್. ನೆಲದಲ್ಲಿ ನೀರು ಹೋಗುವ ಜಾಲಿಯಿಂದ ಏಳುವ ವಾಸನೆ. ಪಾದಕ್ಕೆ ಅಂಟುವ ಒದ್ದೆ. ನೇರ ಕಣ್ಣಿಗೆ ಬೀಳುವ ಬಲ್ಬು. ಬಾಗಿಲ ಹಿಂದೆ ಒಂದರ ಮೇಲೊಂದು ನೇತುಹಾಕಿದ ಬಟ್ಟೆ. ಬೆಳಗಿನ ಅವಸರದ ಹೊತ್ತಿನಲ್ಲೂ ಒಮ್ಮೆ ಹೀಗೇ ಮಾಡಿ. ಆಗಿನ ಚೀಟಿ ಬೇರೆಯೇ ಆಗಿರುತ್ತದೆ.

ಆ ಚೀಟಿಗಳೇ ನಿಮ್ಮ ಪ್ಲಾನ್. ಮೊದಲು ಅದರಲ್ಲಿರುವ ಕಿರಿಕಿರಿಗಳನ್ನು ಒಂದೊಂದಾಗಿ ಕಳೆಯಿರಿ, ಆಮೇಲೆ ಅಂದಚೆಂದ ಸೇರಿಸಿ. ಈ ಕ್ರಮ ತಿರುಗಿಸಿದ ಮನೆಗಳಲ್ಲಿ ದುಬಾರಿ ಟೈಲ್ಸ್ ಮೇಲೆ ನೀರು ನಿಂತಿರುವುದನ್ನು ನೋಡಿದ್ದೇನೆ. ನೋಡಿದರೆ ಬೇಸರವಾಗುತ್ತದೆ, ಯಾಕೆಂದರೆ ಆ ನೀರನ್ನು ಸರಿ ಮಾಡಲು ಆ ಟೈಲ್ಸೇ ಒಡೆಯಬೇಕು.

ನಮ್ಮದು ತುಂಬಾ ಚಿಕ್ಕ ಬಾತ್‌ರೂಮ್. ಇದರಲ್ಲಿ ಏನು ತಾನೇ ಮಾಡಕ್ಕಾಗುತ್ತೆ?

ಬಹಳಷ್ಟು. 1.5 ಮೀಟರ್ ಅಗಲ, 2.1 ಮೀಟರ್ ಉದ್ದದ ಜಾಗದಲ್ಲಿ ಶವರ್, ಕಮೋಡ್, ಪುಟ್ಟ ವಾಶ್‌ಬೇಸಿನ್ ಮೂರೂ ಇಕ್ಕಟ್ಟಿಲ್ಲದೆ ಕೂರುತ್ತವೆ. ಚಿಕ್ಕ ಜಾಗ ದೊಡ್ಡದಾಗಿ ಕಾಣಬೇಕಾದರೆ ನೆಲ ಆದಷ್ಟು ಕಾಣಬೇಕು. ಅದಕ್ಕೇ ಗೋಡೆಗೆ ಕೂರಿಸುವ ಬೇಸಿನ್, ಗೋಡೆಗೆ ಕೂರಿಸುವ ಕಮೋಡ್ ಒಳ್ಳೆಯದು. ಕೆಳಗೆ ಗುಡಿಸಿ ಒರೆಸುವುದೂ ಸಲೀಸು. ನೆಲಕ್ಕೂ ಗೋಡೆಗೂ ಒಂದೇ ಬಣ್ಣದ ಟೈಲ್ಸ್ ಹಾಕಿ. ಬಣ್ಣ ಮಧ್ಯೆ ಮಧ್ಯೆ ತುಂಡಾದಷ್ಟೂ ಜಾಗ ಚಿಕ್ಕದಾಗಿ ಕಾಣುತ್ತದೆ. ಬಾಗಿಲು ಒಳಗೆ ತೆರೆಯುತ್ತಿದ್ದರೆ ಹೊರಗೆ ತೆರೆಯುವಂತೆ ಮಾಡಿಸಿ, ಇಲ್ಲವೇ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸಿ. ಇದೊಂದರಿಂದಲೇ ಮೈ ತಿರುಗಿಸಲು ಜಾಗ ಸಿಗುತ್ತದೆ.

ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ನಮಗೇನಾದ್ರೂ ದಾರಿ ಇದೆಯಾ?

ಇದೆ. ಬಲ್ಬು ಬದಲಿಸಿ. ಶವರ್ ತಲೆ ಬದಲಿಸಿ, ಹಳೆಯದನ್ನು ಎತ್ತಿಟ್ಟು ಮನೆ ಬಿಡುವಾಗ ಮತ್ತೆ ಹಾಕಿದರಾಯಿತು. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲುವ ಕಂಬಿಗೆ ಪರದೆ ಹಾಕಿ ನೀರಿನ ಜಾಗವನ್ನು ಬೇರೆ ಮಾಡಿ. ಅಂಟಿಸುವ ಹುಕ್ಕು, ಮರದ ಪಟ್ಟಿಗಳ ಕಾಲುಮಣೆ, ಕಿರಿದಾದ ಒಂದು ಸ್ಟ್ಯಾಂಡ್. ಮನೆ ಬಿಡುವಾಗ ಇದೆಲ್ಲವೂ ನಿಮ್ಮ ಜೊತೆ ಬರುತ್ತದೆ.

## ಬಣ್ಣ ಮತ್ತು ಬೆಳಕು

ಯಾವ ಬಣ್ಣ ಹಾಕಿದ್ರೆ ಮನಸ್ಸಿಗೆ ಹಿತವಾಗಿರುತ್ತೆ?

ಇಂಥದ್ದೇ ಬಣ್ಣ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಎಷ್ಟು ಬಣ್ಣ ಅನ್ನುವುದು ಅದಕ್ಕಿಂತ ಮುಖ್ಯ. ಗೋಡೆಗೊಂದು, ನೆಲಕ್ಕೊಂದು, ಬೇಕಿದ್ದರೆ ಟವೆಲ್, ಗಿಡ, ಮರದ ರೂಪದಲ್ಲಿ ಮೂರನೆಯದು. ಅಲ್ಲಿಗೆ ನಿಲ್ಲಿಸಿ. ಮರಳು, ಕೆನೆ, ತಿಳಿ ಬೂದು, ಮಣ್ಣಿನ ಬಣ್ಣಗಳು ವರ್ಷಗಟ್ಟಲೆ ನೋಡಿದರೂ ಬೇಸರ ತರಿಸುವುದು ಕಡಿಮೆ. ಹಸಿರು, ನೀಲಿ ಇಷ್ಟವಿದ್ದರೆ ಹಾಕಿ, ಆದರೆ ಕನ್ನಡಿಯ ಎದುರು ಗೋಡೆಗೆ ಬೇಡ. ಆ ಬಣ್ಣ ಮುಖದ ಮೇಲೆ ಬಿದ್ದು ಬೆಳಗ್ಗೆ ಕಳೆಗುಂದಿದ ಹಾಗೆ ಕಾಣುತ್ತೀರಿ.

ಟೈಲ್ಸ್ ಆರಿಸುವಾಗ ಒಂದು ತುಂಡನ್ನು ಮನೆಗೆ ತಂದು, ನಿಮ್ಮ ಬಾತ್‌ರೂಮಿನ ಬೆಳಕಿನಲ್ಲೇ ಒಣಗಿದ್ದಾಗ ಒಮ್ಮೆ, ನೀರು ಹಾಕಿ ಒಮ್ಮೆ ನೋಡಿ. ಫಳಫಳ ಹೊಳೆಯುವ ಟೈಲ್ಸ್‌ನಲ್ಲಿ ಬಲ್ಬಿನ ಬಿಂಬ ಎಲ್ಲ ಕಡೆಯಿಂದ ಕಣ್ಣಿಗೆ ಬೀಳುತ್ತದೆ. ಮ್ಯಾಟ್ ಟೈಲ್ಸ್ ಬೆಳಕನ್ನು ಹರಡುತ್ತದೆ. ಕಪ್ಪು, ಕಡು ನೀಲಿ ಫೋಟೋದಲ್ಲಿ ಚೆಂದ. ನಿಮ್ಮಲ್ಲಿ ಬರುವುದು ಗಡಸು ನೀರಾದರೆ ಪ್ರತಿ ಹನಿಯೂ ಬಿಳಿ ಕಲೆಯಾಗಿ ಉಳಿಯುತ್ತದೆ.

ಎಂಥ ಲೈಟ್ ಹಾಕಿಸಬೇಕು? ಈಗಿರೋ ಬಿಳಿ ಲೈಟ್‌ನಲ್ಲಿ ಆಸ್ಪತ್ರೆ ಥರ ಅನ್ಸುತ್ತೆ.

ಬಲ್ಬಿನ ಪೆಟ್ಟಿಗೆಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ ಇರುತ್ತದೆ ನೋಡಿ. 6500 ಅಂದರೆ ನೀಲಿ ಬೆರೆತ ಬಿಳಿ, ಆಸ್ಪತ್ರೆ ಥರ ಅನ್ನಿಸುವುದು ಇದರಿಂದಲೇ. 2700ರಿಂದ 3000 ಅಂದರೆ ಸಂಜೆಯ ಹಳದಿ ಬೆಳಕು. ಬಾತ್‌ರೂಮಿಗೆ ಇದೇ ಹಿತ. ಅದೇ ಪೆಟ್ಟಿಗೆಯಲ್ಲಿ ಸಿಆರ್‌ಐ ಅನ್ನುವ ಇನ್ನೊಂದು ಅಂಕಿ ಇದ್ದರೆ 90 ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನು ತೆಗೆದುಕೊಳ್ಳಿ. ಚರ್ಮದ ಬಣ್ಣ, ಬಟ್ಟೆಯ ಬಣ್ಣ ಇದ್ದ ಹಾಗೇ ಕಾಣುತ್ತದೆ.

ಚಾವಣಿಯ ಮಧ್ಯದಲ್ಲಿ ಒಂದೇ ಜೋರು ದೀಪ ಹಾಕಿದರೆ ಕಣ್ಣಿನ ಕೆಳಗೆ, ಗಲ್ಲದ ಕೆಳಗೆ ನೆರಳು ಬೀಳುತ್ತದೆ. ಕನ್ನಡಿಯ ಎರಡೂ ಪಕ್ಕ, ನೆಲದಿಂದ ಸುಮಾರು 150ರಿಂದ 165 ಸೆಂಟಿಮೀಟರ್ ಎತ್ತರದಲ್ಲಿ ಒಂದೊಂದು ದೀಪ ಹಾಕಿಸಿ. ಮುಖಕ್ಕೆ ಎರಡೂ ಕಡೆಯಿಂದ ಸಮನಾಗಿ ಬೆಳಕು ಬೀಳುತ್ತದೆ. ಚಾವಣಿಯ ದೀಪಕ್ಕೆ ಬೇರೆ ಸ್ವಿಚ್ ಇರಲಿ. ಸಾಧ್ಯವಾದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಸ್ವಿಚ್ ಹಾಕಿಸಿ, ಆದರೆ ಡಿಮ್ಮರ್‌ಗೆ ಹೊಂದುವ ಎಲ್‌ಇಡಿ ಬಲ್ಬೇ ಬೇಕು, ಇಲ್ಲದಿದ್ದರೆ ಮಿಣುಕುತ್ತದೆ. ಸಂಜೆಯ ಸ್ನಾನದ ಹೊತ್ತಿಗೆ ಕನ್ನಡಿಯ ದೀಪ ಮಾತ್ರ ಮಂದವಾಗಿ ಉರಿಯುತ್ತಿದ್ದರೆ ಅದೇ ಬಾತ್‌ರೂಮ್ ಬೇರೆಯೇ ಅನ್ನಿಸುತ್ತದೆ.

ರಾತ್ರಿ ಎದ್ದು ಹೋದ್ರೆ ಲೈಟ್ ಕಣ್ಣಿಗೆ ಹೊಡೆದು ನಿದ್ದೆಯೇ ಹಾರಿಹೋಗುತ್ತೆ. ಏನ್ ಮಾಡೋದು?

ಜೋರು ಬೆಳಕು, ಅದರಲ್ಲೂ ನೀಲಿ ಅಂಶ ಜಾಸ್ತಿ ಇರುವ ಬೆಳಕು, ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ನೆಲದಿಂದ ಒಂದು ಅಡಿ ಎತ್ತರದಲ್ಲಿ, ಕೆಳಮುಖವಾಗಿ, ಕೇಸರಿ ಮಿಶ್ರಿತ ಹಳದಿಯ ಪುಟ್ಟ ದೀಪ ಹಾಕಿಸಿ. ಮನುಷ್ಯರ ಓಡಾಟ ಗೊತ್ತಾದಾಗ ತಾನೇ ಹೊತ್ತುವ ಸೆನ್ಸರ್ ದೀಪವಾದರೆ ಸ್ವಿಚ್ ಹುಡುಕುವ ತಾಪತ್ರಯವೂ ಇಲ್ಲ. ಕಾಲಿಡುವ ಜಾಗ ಕಾಣುತ್ತದೆ, ಅಷ್ಟು ಸಾಕು.

ಕಿಟಕಿ ಇದೆ, ಆದರೆ ಎದುರಿಗೇ ಬೇರೆ ಮನೆ. ಯಾವಾಗಲೂ ಮುಚ್ಚೇ ಇಡ್ತೀವಿ.

ಕಿಟಕಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಮಂಜುಗಾಜಿನ ಫಿಲ್ಮ್ ಅಂಟಿಸಿ, ಮೇಲಿನ ಕಾಲು ಭಾಗ ಖಾಲಿ ಬಿಡಿ. ಒಳಗಿಂದ ಆಕಾಶ ಕಾಣುತ್ತದೆ, ಹೊರಗಿಂದ ನೀವು ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಉರಿಯುವಾಗ ಫಿಲ್ಮಿನ ಮೇಲೆ ನೆರಳು ಕಾಣಬಹುದು. ಕಿಟಕಿಯ ಕಡೆ ಗೋಡೆಯಲ್ಲೇ ದೀಪ ಇದ್ದರೆ ಆ ನೆರಳೂ ಬೀಳುವುದಿಲ್ಲ.

## ಗಾಳಿ, ವಾಸನೆ, ಸದ್ದು

ಎಷ್ಟು ತೊಳೆದ್ರೂ ಒಂಥರಾ ವಾಸನೆ ಇದ್ದೇ ಇರುತ್ತೆ. ಫ್ರೆಶ್‌ನರ್ ಇಟ್ಟರೂ ಹೋಗಲ್ಲ.

ಫ್ರೆಶ್‌ನರ್ ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ, ಅಷ್ಟೇ. ಮೂಲ ಹುಡುಕಬೇಕು. ನೆಲದ ಜಾಲಿ ಎತ್ತಿ ಟಾರ್ಚ್ ಬಿಟ್ಟು ನೋಡಿ. ಕೆಳಗೆ ಬಟ್ಟಲಿನಂಥ ಭಾಗದಲ್ಲಿ ನೀರು ನಿಂತಿರಬೇಕು. ಸಾಮಾನ್ಯವಾಗಿ 5 ಸೆಂಟಿಮೀಟರ್ ಆಳದ ಆ ನೀರೇ ಚರಂಡಿಯ ಗಾಳಿಗೆ ಬಾಗಿಲು. ಆ ನೀರು ಆರಿಹೋದರೆ ಗಾಳಿ ನೇರ ಮೇಲೆ ಬರುತ್ತದೆ. ಅಪರೂಪಕ್ಕೆ ಬಳಸುವ ಬಾತ್‌ರೂಮಿನಲ್ಲಿ ವಾಸನೆ ಬರಲು ಬಹುಪಾಲು ಇದೇ ಕಾರಣ. ವಾರಕ್ಕೊಮ್ಮೆ ಒಂದು ಚೆಂಬು ನೀರು ಸುರಿದರೆ ಸಾಕು. ಊರಿಗೆ ಹೋಗುವಾಗ ನೀರಿನ ಮೇಲೆ ಒಂದು ಚಮಚ ಎಣ್ಣೆ ಹಾಕಿ, ಬೇಗ ಆರುವುದಿಲ್ಲ.

ನೀರು ಸರಿಯಾಗಿದ್ದೂ ವಾಸನೆ ಇದ್ದರೆ ಜಾಲಿಯ ಅಡಿಭಾಗ ತಿರುಗಿಸಿ ನೋಡಿ. ಕೂದಲು, ಸೋಪಿನ ಜಿಡ್ಡು ಸೇರಿ ಬೂದು ಬಣ್ಣದ ಲೋಳೆ ಕಟ್ಟಿರುತ್ತದೆ. ಹಳೆ ಬ್ರಷ್‌ನಿಂದ ಉಜ್ಜಿ, ಬಿಸಿನೀರು ಹಾಕಿ. ಮೂರನೆಯದಾಗಿ ಕಮೋಡಿನ ಬುಡ. ನೆಲಕ್ಕೆ ಸೇರುವ ಕಡೆ ಸಂದು ಬಿಟ್ಟಿದ್ದರೆ ಅಲ್ಲಿಂದಲೂ ಬರುತ್ತದೆ, ಪ್ಲಂಬರ್‌ಗೆ ತೋರಿಸಿ.

ತೊಳೆಯುವಾಗ ಒಂದು ಎಚ್ಚರಿಕೆ. ಬ್ಲೀಚ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಯಾವತ್ತೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಎಕ್ಸಾಸ್ಟ್ ಫ್ಯಾನ್ ಇದೆ, ಆದ್ರೂ ಚಾವಣಿಯಲ್ಲಿ ಬೂಷ್ಟು ಬರ್ತಿದೆ. ಯಾಕೆ?

ಫ್ಯಾನ್ ಚಿಕ್ಕದಿರಬಹುದು, ಗಾಳಿ ಒಳಗೆ ಬರಲು ದಾರಿ ಇಲ್ಲದಿರಬಹುದು, ಅಥವಾ ನೀವು ಬೇಗ ಆಫ್ ಮಾಡುತ್ತಿರಬಹುದು.

ಗಂಟೆಗೆ 8 ಸಲ ಕೋಣೆಯ ಗಾಳಿ ಬದಲಾಗಬೇಕು ಅನ್ನುವುದು ಬಳಕೆಯಲ್ಲಿರುವ ಲೆಕ್ಕ. 2.4 ಮೀಟರ್ ಉದ್ದ, 1.5 ಮೀಟರ್ ಅಗಲ, 2.4 ಮೀಟರ್ ಎತ್ತರದ ಬಾತ್‌ರೂಮಿನಲ್ಲಿ 8.6 ಘನ ಮೀಟರ್ ಗಾಳಿ ಇರುತ್ತದೆ. ಅಂದರೆ ಫ್ಯಾನ್ ಗಂಟೆಗೆ ಸುಮಾರು 70 ಘನ ಮೀಟರ್ ಎಳೆಯಬೇಕು. ಪೈಪಿನಲ್ಲಿ ಸ್ವಲ್ಪ ಬಲ ಸೋರುವುದರಿಂದ 85ರ ಆಸುಪಾಸಿನದು ಕೊಳ್ಳಿ. ಬಾಗಿಲ ಕೆಳಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಸಂದು ಬಿಡಿ. ಆ ಸಂದು ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಕೆಲವೊಮ್ಮೆ ಜಾಲಿಯಿಂದಲೇ ಗಾಳಿ ಎಳೆದು ವಾಸನೆ ತರುತ್ತದೆ. ಸ್ನಾನ ಮುಗಿದ ಮೇಲೂ 20 ನಿಮಿಷ ಓಡಲಿ. ನೆನಪಿರುವುದಿಲ್ಲ ಅನ್ನುವವರು ಟೈಮರ್ ಸ್ವಿಚ್ ಹಾಕಿಸಿ. ಫ್ಯಾನಿನ ಗಾಳಿ ಮನೆಯಿಂದ ಹೊರಗೆ ಹೋಗುತ್ತಿದೆಯಾ ಅಂತಲೂ ನೋಡಿ. ಫಾಲ್ಸ್ ಸೀಲಿಂಗಿನ ಒಳಗೇ ಬಿಟ್ಟರೆ ಬೂಷ್ಟು ಅಲ್ಲಿ ಬೆಳೆಯುತ್ತದೆ.

ಫ್ಯಾನ್ ಸದ್ದು, ಫ್ಲಶ್ ಸದ್ದು, ಪೈಪ್ ಸದ್ದು. ಒಳಗೆ ಕೂತ್ರೆ ಕಾರ್ಖಾನೆ ಥರ ಆಗಿದೆ.

ಸದ್ದಿನ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ. ನನ್ನ ಲೆಕ್ಕದಲ್ಲಿ ನೆಮ್ಮದಿ ಕೆಡಿಸುವುದರಲ್ಲಿ ಇದಕ್ಕೇ ಮೊದಲ ಸ್ಥಾನ.

ಫ್ಯಾನ್ ಕೊಳ್ಳುವಾಗ ಸದ್ದಿನ ಅಳತೆಯಾದ ಸೋನ್ ಅಥವಾ ಡೆಸಿಬೆಲ್ ಅಂಕಿ ಕೇಳಿ. 1 ಸೋನ್ ಅಂದರೆ ಮೆಲ್ಲಗೆ ಓಡುವ ಫ್ರಿಜ್‌ನಷ್ಟು ಸದ್ದು. ಅದಕ್ಕಿಂತ ಕಡಿಮೆ ಇದ್ದರೆ ಓಡುತ್ತಿರುವುದೇ ಗೊತ್ತಾಗುವುದಿಲ್ಲ. ಹಳೆ ಫ್ಯಾನಾದರೆ ಬ್ಲೇಡಿನ ಧೂಳು ಒರೆಸಿ, ಸ್ಕ್ರೂ ಬಿಗಿ ಮಾಡಿ ನೋಡಿ. ನಲ್ಲಿ ಥಟ್ಟನೆ ನಿಲ್ಲಿಸಿದಾಗ ಗೋಡೆಯೊಳಗೆ ಡಬ್ ಅಂತ ಬಡಿದ ಸದ್ದು ಬಂದರೆ, ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪನ್ನು ಗುದ್ದಿದೆ ಅಂತ ಅರ್ಥ. ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕು, ಸಡಿಲವಾದ ಕ್ಲಾಂಪ್ ಬಿಗಿ ಮಾಡಿಸಬೇಕು. ಮೇಲಿನ ಮಹಡಿಯ ಕೊಳಾಯಿ ನೀರು ಜರ್ರನೆ ಇಳಿಯುವುದು ಕೇಳಿಸಿದರೆ ಆ ಪ್ಲಾಸ್ಟಿಕ್ ಪೈಪಿಗೆ ದಪ್ಪ, ಭಾರದ ಹೊದಿಕೆ ಸುತ್ತಿಸಿ.

ಉಳಿದದ್ದು ಮಾರ್ದನಿ. ಟೈಲ್ಸ್, ಗಾಜು, ಕನ್ನಡಿ ಯಾವುದೂ ಸದ್ದು ಹೀರುವುದಿಲ್ಲ. ದಪ್ಪ ಟವೆಲ್, ಹತ್ತಿಯ ಕಾಲೊರಸು, ಬಟ್ಟೆಯ ಪರದೆ ಇದ್ದರೆ ಆ ಖಣಖಣ ತಗ್ಗುತ್ತದೆ. ಬಾಗಿಲು ಒಳಗೆ ಟೊಳ್ಳಾಗಿರದೆ ಗಟ್ಟಿಯಾಗಿದ್ದರೆ ಒಳಗಿನ ಸದ್ದು ಹೊರಗೂ ಹೋಗುವುದಿಲ್ಲ. ಸಂಕೋಚದ ಸ್ವಭಾವದವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಅವರಿಗೇ ಗೊತ್ತು.

## ನೆಲ ಮತ್ತು ನೀರು

ನೆಲ ಯಾವಾಗ್ಲೂ ಒದ್ದೆ. ಸಾಕ್ಸ್ ಹಾಕ್ಕೊಂಡು ಒಳಗೆ ಹೋಗೋ ಹಾಗೇ ಇಲ್ಲ.

ಮೊದಲು ಇಳಿಜಾರು ಪರೀಕ್ಷಿಸಿ. ಒಂದು ಬಕೆಟ್ ನೀರು ಸುರಿದು ಕಾಲು ಗಂಟೆ ಬಿಟ್ಟು ಬನ್ನಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ನೆಲ ತಗ್ಗಿದೆ. ಶವರ್ ಜಾಗದಲ್ಲಿ ಮೀಟರ್‌ಗೆ 2 ಸೆಂಟಿಮೀಟರ್, ಉಳಿದ ಕಡೆ ಮೀಟರ್‌ಗೆ 1 ಸೆಂಟಿಮೀಟರ್ ಇಳಿಜಾರು ಬೇಕು. ಇದು ಕೆಟ್ಟಿದ್ದರೆ ನೆಲ ಮತ್ತೆ ಹಾಕಿಸುವುದೊಂದೇ ದಾರಿ.

ಇಳಿಜಾರು ಸರಿಯಿದ್ದರೆ ನೀರಿನ ಜಾಗ, ಒಣ ಜಾಗ ಬೇರೆ ಮಾಡಿ. ಗಾಜಿನ ತಡೆ ಅಥವಾ ಪರದೆ, ಅದರ ಕೆಳಗೆ ಒಂದೆರಡು ಸೆಂಟಿಮೀಟರ್ ಎತ್ತರದ ಪಟ್ಟಿ. ಸ್ನಾನವಾದ ಮೇಲೆ ವೈಪರ್‌ನಲ್ಲಿ ನೆಲಕ್ಕೆ, ಗಾಜಿಗೆ ಒಂದು ಎಳೆತ. ಅರ್ಧ ನಿಮಿಷದ ಕೆಲಸ. ಕಲೆಯೂ ಕಟ್ಟುವುದಿಲ್ಲ, ಬೂಷ್ಟೂ ಕಡಿಮೆ.

ಜಾರದೇ ಇರೋ ಟೈಲ್ಸ್ ಅಂತ ಹೇಗೆ ಗೊತ್ತಾಗುತ್ತೆ? ಅಂಗಡಿಯಲ್ಲಿ ಎಲ್ಲವೂ ಜಾರಲ್ಲ ಅಂತಾರೆ.

ಅಂಕಿ ತೋರಿಸಿ ಅಂತ ಕೇಳಿ. ಆರ್ 9, ಆರ್ 10, ಆರ್ 11 ಅಂತ ಶ್ರೇಣಿ ಇರುತ್ತದೆ. ಅಂಕಿ ಏರಿದಷ್ಟೂ ಹಿಡಿತ ಜಾಸ್ತಿ. ಬಾತ್‌ರೂಮ್ ನೆಲಕ್ಕೆ ಕನಿಷ್ಠ ಆರ್ 10 ಇರಲಿ. ಇದು ಬೂಟು ಹಾಕಿ ಮಾಡುವ ಪರೀಕ್ಷೆ. ಬರಿಗಾಲಿಗೆ ಎ, ಬಿ, ಸಿ ಅಂತ ಬೇರೆ ಶ್ರೇಣಿ ಇದೆ, ಶವರ್ ಜಾಗಕ್ಕೆ ಬಿ ಅಥವಾ ಸಿ ಕೇಳಿ. ಅಲ್ಲಿ ಚಿಕ್ಕ ಚಿಕ್ಕ ಟೈಲ್ಸ್ ಹಾಕಿಸಿದರೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಗಾರೆ) ಗೆರೆಗಳಿಂದಲೂ ಹಿಡಿತ ಸಿಗುತ್ತದೆ, ಇಳಿಜಾರಿಗೂ ಚೆನ್ನಾಗಿ ಕೂರುತ್ತದೆ. ಗೋಡೆಗೆ ಮಾತ್ರ ದೊಡ್ಡ ಟೈಲ್ಸ್, ಗೆರೆ ಕಡಿಮೆಯಾದಷ್ಟೂ ಉಜ್ಜುವ ಕೆಲಸ ಕಡಿಮೆ. ಎಪಾಕ್ಸಿ ಗ್ರೌಟ್ ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ. ದರ ಜಾಸ್ತಿಯಾದರೂ ಶವರ್ ಜಾಗಕ್ಕೆ ಅದೇ ಇರಲಿ.

ಮಾರ್ಬಲ್, ಮರ ಬಳಸಬಹುದಾ?

ಮಾರ್ಬಲ್ ಸುಣ್ಣದಂಶದ ಕಲ್ಲು. ಆಸಿಡ್ ಕ್ಲೀನರ್ ಒಂದು ಹನಿ ಬಿದ್ದರೂ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಬೇಸಿನ್ ಪಕ್ಕದ ಗೋಡೆಗೆ ಆದೀತು, ನೆಲಕ್ಕೆ ನಾನು ಬೇಡ ಅನ್ನುತ್ತೇನೆ. ಮರ ಇಷ್ಟವಿದ್ದರೆ ತೇಗದ ಸ್ಟೂಲ್, ಕಾಲುಮಣೆ, ಶೆಲ್ಫ್ ಇಡಿ. ಒದ್ದೆಯಾದರೂ ಒಣಗಲು ಸುತ್ತ ಗಾಳಿ ಆಡಬೇಕು. ನೆಲಕ್ಕೆ ಮರದಂತೆ ಕಾಣುವ ಪೋರ್ಸಲಿನ್ ಟೈಲ್ಸ್ ಇದೆ. ಅದು ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ.

ಶವರ್ ನೀರು ಒಮ್ಮೆ ಸುಡುತ್ತೆ, ಒಮ್ಮೆ ತಣ್ಣಗಾಗುತ್ತೆ. ಸ್ನಾನದ ಖುಷಿಯೇ ಹೋಗುತ್ತೆ.

ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸಿ. ಒಮ್ಮೆ ಇಟ್ಟ ಬಿಸಿ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಯಾರೋ ನಲ್ಲಿ ತಿರುಗಿಸಿದರೂ ತಾನೇ ಸರಿದೂಗಿಸುತ್ತದೆ. ಸಾಮಾನ್ಯವಾಗಿ 38 ಡಿಗ್ರಿಯಲ್ಲಿ ಒಂದು ತಡೆ ಇರುತ್ತದೆ, ಗುಂಡಿ ಒತ್ತದೆ ಅದಕ್ಕಿಂತ ಮೇಲೆ ತಿರುಗುವುದಿಲ್ಲ. ಮಕ್ಕಳಿರುವ ಮನೆಗೆ ಇದು ಬೇಕೇ ಬೇಕು. ಗೀಸರ್ ಟ್ಯಾಂಕಿನಲ್ಲಿ ರೋಗಾಣು ಬೆಳೆಯದಿರಲು ನೀರು 60 ಡಿಗ್ರಿ ಇರಬೇಕು, ಆದರೆ ಅದೇ 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ನಲ್ಲಿಗೆ ಬರುವ ಹೊತ್ತಿಗೆ ಅದು ತಣ್ಣೀರಿನ ಜೊತೆ ಬೆರೆತಿರಲೇಬೇಕು.

ಮಲಗೋ ಮುಂಚೆ ಬಿಸಿನೀರು ಸ್ನಾನ ಮಾಡಿದ್ರೆ ನಿದ್ದೆ ಬರುತ್ತೆ ಅಂತಾರೆ. ನಿಜವಾ?

ನಿಜ, ಹೊತ್ತು ಸರಿಯಾಗಿದ್ದರೆ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೇಳಿದ್ದು ಹೀಗೆ: 40ರಿಂದ 42.5 ಡಿಗ್ರಿ ನೀರಿನಲ್ಲಿ, ಮಲಗುವುದಕ್ಕೆ 1ರಿಂದ 2 ಗಂಟೆ ಮುಂಚೆ, 10 ನಿಮಿಷ ಸ್ನಾನ ಮಾಡಿದರೂ ನಿದ್ದೆ ಬೇಗ ಹತ್ತುತ್ತದೆ. ಬಿಸಿನೀರಿಗೆ ಕೈಕಾಲಿನ ರಕ್ತನಾಳ ಹಿಗ್ಗಿ ಮೈಯೊಳಗಿನ ಶಾಖ ಹೊರಗೆ ಹೋಗುತ್ತದೆ. ಹಾಗೆ ಮೈ ತಣಿಯುವುದೇ ನಿದ್ದೆಗೆ ಕರೆ. ಸ್ನಾನ ಮಾಡಿ ನೇರ ಹಾಸಿಗೆಗೆ ಹೋದರೆ ಮೈ ಇನ್ನೂ ಬಿಸಿ ಇರುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

ಬಾತ್‌ಟಬ್ ಇಲ್ಲದೆ ರಿಲ್ಯಾಕ್ಸ್ ಆಗಕ್ಕಾಗುತ್ತಾ?

ಖಂಡಿತ ಆಗುತ್ತದೆ. ತಿಂಗಳಿಗೆ ಎಷ್ಟು ಸಲ ಅದರಲ್ಲಿ ಮಲಗುತ್ತೀರಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಸಾಧಾರಣ ಟಬ್ ತುಂಬಲು 150 ಲೀಟರಿಗೂ ಜಾಸ್ತಿ ನೀರು ಬೇಕು. ನಿಮಿಷಕ್ಕೆ 9 ಲೀಟರ್ ಬಿಡುವ ಶವರ್‌ನಲ್ಲಿ 8 ನಿಮಿಷದ ಸ್ನಾನಕ್ಕೆ 72 ಲೀಟರ್. ತುಂಬಿದ ಟಬ್, ಒಳಗಿರುವ ಮನುಷ್ಯ ಸೇರಿ ಸುಮಾರು 300 ಕಿಲೋ ಭಾರ ಆಗುತ್ತದೆ, ಮೇಲ್ಮಹಡಿಯಾದರೆ ನೆಲ ತಡೆಯುತ್ತದೆಯಾ ಅಂತ ಎಂಜಿನಿಯರನ್ನು ಕೇಳಬೇಕು. ಬಹಳ ಜನರಿಗೆ ಶವರ್ ಜಾಗದಲ್ಲಿ ಕೂರಲು ಒಂದು ಕಟ್ಟೆ, ಕೈಯಲ್ಲಿ ಹಿಡಿಯುವ ಶವರ್ ಇದ್ದರೆ ಅಷ್ಟೇ ಸುಖ ಸಿಗುತ್ತದೆ.

## ಸಾಮಾನು, ಗಿಡ, ಪರಿಮಳ

ಶಾಂಪೂ, ಕ್ರೀಮು, ಬ್ರಷ್ಷು. ಎಷ್ಟು ಜೋಡಿಸಿದ್ರೂ ಮತ್ತೆ ರಾಶಿ.

ಜಾಗ ಸಾಲದೆ ರಾಶಿ ಬೀಳುವುದಕ್ಕಿಂತ ಬೇಡದ್ದು ಉಳಿದು ರಾಶಿ ಬೀಳುವುದೇ ಹೆಚ್ಚು. ಎಲ್ಲ ಹೊರಗೆ ತೆಗೆದು ಒಂದು ಬುಟ್ಟಿಗೆ ಹಾಕಿ. ದಿನಾ ಬಳಸಿದ್ದನ್ನು ಮಾತ್ರ ವಾಪಸ್ ಒಳಗೆ ತನ್ನಿ. ಎರಡು ವಾರದ ಮೇಲೆ ಬುಟ್ಟಿಯಲ್ಲಿ ಉಳಿದದ್ದು ಬೇರೆ ಕಪಾಟಿಗೆ, ಇಲ್ಲವೇ ಕಸಕ್ಕೆ.

ಒಳಗೆ ಉಳಿದವಕ್ಕೆ ಕನ್ನಡಿಯ ಹಿಂದಿನ ಕಪಾಟು ಸರಿ. ಶವರ್ ಪಕ್ಕದ ಗೋಡೆಯಲ್ಲಿ 30 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಗೂಡು ಮಾಡಿಸಿದರೆ ಬಾಟಲಿ ನೆಲದ ಮೇಲೆ ಇರುವುದಿಲ್ಲ. ಗೂಡಿನ ತಳ ಮುಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ, ನೀರು ನಿಲ್ಲುವುದಿಲ್ಲ. ಬಾತ್‌ರೂಮಿನಲ್ಲಿ ಮಾತ್ರೆ, ಔಷಧಿ ಇಡಬೇಡಿ, ತೇವಕ್ಕೆ ಕೆಡುತ್ತವೆ.

ಟವೆಲ್ ಒಣಗದೆ ಮುಗ್ಗಲು ವಾಸನೆ ಬರುತ್ತೆ.

ಹುಕ್ಕಿಗೆ ಹಾಕಿದ ಟವೆಲ್ ಮಡಿಕೆಯಲ್ಲೇ ತೇವ ಹಿಡಿದಿಟ್ಟುಕೊಳ್ಳುತ್ತದೆ. 60 ಸೆಂಟಿಮೀಟರ್ ಉದ್ದದ ಕಂಬಿಗೆ ಬಿಡಿಸಿ ಹಾಕಿ. ಆ ಕಂಬಿ ಶವರ್‌ನಿಂದ ಕೈಗೆಟುಕುವ ದೂರದಲ್ಲಿ, ಆದರೆ ನೀರು ಚಿಮ್ಮದ ಕಡೆ ಇರಲಿ.

ಗಿಡ ಇಟ್ಟರೆ ಬದುಕುತ್ತಾ? ಇಟ್ಟಿದ್ದೆಲ್ಲ ಸಾಯುತ್ತಿದೆ.

ತೇವ ಗಿಡಕ್ಕೆ ಇಷ್ಟ, ಕತ್ತಲೆ ಇಷ್ಟವಿಲ್ಲ. ಕಿಟಕಿಯಿಂದ ಒಂದಿಷ್ಟಾದರೂ ಬೆಳಕು ಬರುವುದಾದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಪೀಸ್ ಲಿಲಿ, ಜರೀಗಿಡ ಚೆನ್ನಾಗಿ ಬರುತ್ತವೆ. ಕಿಟಕಿಯೇ ಇಲ್ಲದಿದ್ದರೆ ಎರಡು ಕುಂಡ ಇಟ್ಟುಕೊಂಡು ವಾರ ವಾರ ಬದಲಿಸಿ, ಒಂದು ಒಳಗೆ, ಒಂದು ಬೆಳಕಿನಲ್ಲಿ. ಬೆಕ್ಕು, ನಾಯಿ ಇರುವ ಮನೆಯಲ್ಲಿ ಮೊದಲ ಮೂರು ಬೇಡ. ಕಚ್ಚಿದರೆ ಅವಕ್ಕೆ ವಿಷ.

ಮೇಣದ ಬತ್ತಿ, ಸುಗಂಧದ ಎಣ್ಣೆ ಬಳಸಬಹುದಾ?

ಬಳಸಿ, ಆದರೆ ಒಂದೇ ಪರಿಮಳ, ಅದೂ ಹಗುರವಾಗಿ. ಬತ್ತಿ ಹಚ್ಚಿಟ್ಟು ಹೊರಗೆ ಬರಬೇಡಿ. ಟವೆಲ್, ಪರದೆಯಿಂದ ದೂರ ಇಡಿ.

## ಪೂರ್ತಿ ಒಡೆದು ಹೊಸದಾಗಿ ಮಾಡಿಸುವವರಿಗೆ

ಯಾವುದು ಎಲ್ಲಿರಬೇಕು? ಅಳತೆ ಎಷ್ಟು?

ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳಬೇಕಾದ್ದು ಬೇಸಿನ್ ಅಥವಾ ಕಿಟಕಿ, ಕಮೋಡ್ ಪಕ್ಕಕ್ಕಿರಲಿ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 38 ಸೆಂಟಿಮೀಟರ್, ಮುಂದೆ ಕಾಲು ಚಾಚಲು 60, ಸಾಧ್ಯವಾದರೆ 75. ಶವರ್ ಜಾಗ 90ಕ್ಕೆ 90 ಇದ್ದರೆ ಮೊಣಕೈ ಗೋಡೆಗೆ ತಾಗುವುದಿಲ್ಲ. ಬೇಸಿನ್ ಎತ್ತರ 80ರಿಂದ 85. ಮನೆಯವರು ಎತ್ತರದವರಾದರೆ 90.

ಇನ್ನೊಂದು ಸಣ್ಣ ಸಂಗತಿ, ದಿನಾ ಬೆಳಗ್ಗೆ ನೆನಪಾಗುವಂಥದ್ದು. ಶವರ್ ತಿರುಗಿಸುವ ಹಿಡಿಯನ್ನು ಶವರ್ ತಲೆಯ ನೇರ ಕೆಳಗೆ ಕೂರಿಸುವುದು ರೂಢಿ. ಹಾಗಾಗಿ ಬಿಸಿನೀರು ಬರುವ ತನಕ ತಣ್ಣೀರು ತೋಳಿನ ಮೇಲೆ ಸುರಿಯುತ್ತದೆ. ಒಳಗೆ ಕಾಲಿಡುವ ಕಡೆ, ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿ ಆ ಹಿಡಿ ಇರಲಿ. ಹೊರಗೇ ನಿಂತು ತಿರುಗಿಸಿ, ಬಿಸಿ ಬಂದ ಮೇಲೆ ಒಳಗೆ ಹೋಗಬಹುದು. ಪೈಪ್ ಹಾಕುವಾಗಲೇ ಹೇಳಬೇಕು, ಟೈಲ್ಸ್ ಬಂದ ಮೇಲೆ ಆಗುವುದಿಲ್ಲ.

ಟೈಲ್ಸ್ ಹಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಒಂದು ಹುಕ್ಕು ಹಾಕಲು ತೂತು ಕೊರೆಯುವಾಗ ಪೈಪ್ ಎಲ್ಲಿದೆ ಅಂತ ಆ ಫೋಟೋ ಹೇಳುತ್ತದೆ. ಗೋಡೆಯೊಳಗೆ ಫ್ಲಶ್ ಟ್ಯಾಂಕ್ ಮುಚ್ಚಿಸುವುದಾದರೆ ರಿಪೇರಿಗೆ ಬಿಚ್ಚುವಂಥ ಮುಚ್ಚಳ ಇಡಿಸಿ.

ವಾಟರ್‌ಪ್ರೂಫಿಂಗ್ ಬೇಕೇ ಬೇಕಾ? ಟೈಲ್ಸ್ ಹಾಕಿದ ಮೇಲೆ ನೀರು ಹೇಗೆ ಇಳಿಯುತ್ತೆ?

ಇಳಿಯುತ್ತದೆ. ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ, ತಡೆಯುವುದು ಅದರ ಕೆಳಗಿನ ಪದರ. ನೆಲ ಪೂರ್ತಿ, ಗೋಡೆಗೆ ಕನಿಷ್ಠ 15 ಸೆಂಟಿಮೀಟರ್, ಶವರ್ ಗೋಡೆಗೆ 1.8 ಮೀಟರ್ ತನಕ ಆ ಪದರ ಬೇಕು. ಮೂಲೆಗಳಿಗೆ, ಪೈಪ್ ಹೊರಬರುವ ಕಡೆ ನೀರು ತಡೆಯುವ ಟೇಪ್ ಕೂರಿಸಬೇಕು, ಸೋರುವುದು ಜಾಸ್ತಿ ಅಲ್ಲೇ. ಒಣಗಿದ ಮೇಲೆ ಜಾಲಿ ಮುಚ್ಚಿ ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್‌ನಲ್ಲಿ ಮಟ್ಟ ಗುರುತು ಮಾಡಿ. ಕನಿಷ್ಠ 24 ಗಂಟೆ ಬಿಟ್ಟು ಮಟ್ಟ ನೋಡಿ, ಕೆಳಗಿನ ಚಾವಣಿಯನ್ನೂ ನೋಡಿ. ಮೇಸ್ತ್ರಿ ಎಷ್ಟು ಅವಸರ ಮಾಡಿದರೂ ಈ ಒಂದು ದಿನ ಬಿಟ್ಟುಕೊಡಬೇಡಿ.

ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಹಿಡಿಕೆ ಹಾಕಿಸಿದ್ರೆ ಆಸ್ಪತ್ರೆ ಥರ ಕಾಣಲ್ವಾ?

ಭಯ ಇರುವ ಕಡೆ ನೆಮ್ಮದಿ ಇರುವುದಿಲ್ಲ. ಜಾರಿ ಬೀಳುವ ಅಂಜಿಕೆಯಲ್ಲಿ ಅವರು ಸ್ನಾನವನ್ನೇ ಅವಸರದಲ್ಲಿ ಮುಗಿಸುತ್ತಾರೆ. ಹಿಡಿಕೆಗಳು ಈಗ ಟವೆಲ್ ಕಂಬಿಯಂತೆ ಕಾಣುವ ರೂಪದಲ್ಲೇ ಸಿಗುತ್ತವೆ. ನೆಲದಿಂದ 84ರಿಂದ 91 ಸೆಂಟಿಮೀಟರ್ ಎತ್ತರ, ಗೋಡೆಯಿಂದ 4 ಸೆಂಟಿಮೀಟರ್ ಅಂತರ, 110 ಕಿಲೋಗಿಂತ ಜಾಸ್ತಿ ಭಾರ ತಡೆಯುವಷ್ಟು ಗಟ್ಟಿ. ಮಾಮೂಲಿ ಟವೆಲ್ ಕಂಬಿ ಹಿಡಿದು ಏಳುವುದು ಅಪಾಯ, ಅದು ಕಿತ್ತು ಬರುತ್ತದೆ. ಕಮೋಡಿನ ಸೀಟು 43ರಿಂದ 48 ಸೆಂಟಿಮೀಟರ್ ಎತ್ತರ ಇದ್ದರೆ ಕೂತು ಏಳಲು ಸಲೀಸು. ಶವರ್‌ಗೆ ಹೋಗುವಲ್ಲಿ ಮೆಟ್ಟಿಲು, ಎತ್ತರದ ಪಟ್ಟಿ ಯಾವುದೂ ಬೇಡ. ಬಾಗಿಲು ಹೊರಗೆ ತೆರೆಯಲಿ, ಚಿಲಕ ಹೊರಗಿನಿಂದಲೂ ಬಿಡಿಸುವಂತಿರಲಿ. ಯಾರಾದರೂ ಒಳಗೆ ಬಿದ್ದರೆ ಬಾಗಿಲಿಗೇ ಅಡ್ಡವಾಗಿರುತ್ತಾರೆ.

ಕರೆಂಟ್ ಬಗ್ಗೆ ಏನು ಹುಷಾರು? ಗ್ಯಾಸ್ ಗೀಸರ್ ಒಳಗೆ ಇಡಬಹುದಾ?

ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೆ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಗಾಳಿಯಾಡುವ ಹೊರಜಾಗದಲ್ಲಿ ಕೂರಿಸಿ ಪೈಪ್ ಒಳಗೆ ತನ್ನಿ. ಬಾತ್‌ರೂಮಿನ ಕರೆಂಟ್ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಕಡ್ಡಾಯ ಅಂತ ಇಟ್ಟುಕೊಳ್ಳಿ. ದೀಪ ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಐಪಿ ಅಂಕಿ ಹೇಳುತ್ತದೆ. ನೀರು ಚಿಮ್ಮುವ ಕಡೆ ದೀಪ ಕನಿಷ್ಠ ಐಪಿ 44, ಶವರ್ ಒಳಗೆ ಐಪಿ 65 ಇರಲಿ.

ಹಣ ಕಡಿಮೆ ಇದೆ. ಯಾವುದಕ್ಕೆ ಖರ್ಚು ಮಾಡಲಿ, ಯಾವುದರಲ್ಲಿ ಉಳಿಸಲಿ?

ಗೋಡೆಯೊಳಗೆ, ನೆಲದಡಿ ಹೋಗುವುದಕ್ಕೆ ಖರ್ಚು ಮಾಡಿ: ಪೈಪ್, ವಾಟರ್‌ಪ್ರೂಫಿಂಗ್, ಇಳಿಜಾರು ಸರಿಯಾಗಿ ಕೊಡುವ ಮೇಸ್ತ್ರಿ, ಒಳ್ಳೆ ಮಿಕ್ಸರ್, ಸದ್ದಿಲ್ಲದ ಫ್ಯಾನ್. ಕನ್ನಡಿ, ಬೇಸಿನ್, ಕಪಾಟು, ಗೋಡೆಯ ಟೈಲ್ಸ್ ಸಾದಾ ಇರಲಿ. ಅವನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು.

ಮನೆ ತುಂಬ ಜನ, ಬಾತ್‌ರೂಮ್ ಒಂದೇ. ಬಾಗಿಲು ಬಡಿಯೋದು ನಿಲ್ಲಲ್ಲ. ನೆಮ್ಮದಿ ಎಲ್ಲಿಂದ?

ಒಂದೇ ಬಾಗಿಲ ಹಿಂದೆ ಮೂರು ಕೆಲಸ ಇರುವುದರಿಂದ ಈ ಪಾಡು. ಬೇಸಿನ್ ಮತ್ತು ಕನ್ನಡಿಯನ್ನು ಬಾತ್‌ರೂಮಿನಿಂದ ಹೊರಗೆ ತನ್ನಿ. ಹಲ್ಲುಜ್ಜುವವರು, ಮುಖ ತೊಳೆಯುವವರು, ತಲೆ ಬಾಚುವವರು ಅಲ್ಲೇ ಮುಗಿಸುತ್ತಾರೆ. ಜಾಗ ಇದ್ದರೆ ಕಮೋಡಿಗೆ ಬೇರೆ ಬಾಗಿಲು ಮಾಡಿಸಿ, ಸ್ನಾನಕ್ಕೆ ಬೇರೆ. ಒಡೆಯುವ ಕೆಲಸ ಸದ್ಯಕ್ಕೆ ಸಾಧ್ಯವಿಲ್ಲದಿದ್ದರೆ ಬಾತ್‌ರೂಮಿನ ಹೊರಗೆ ಗೋಡೆಗೆ ಒಂದು ಕನ್ನಡಿ, ಒಂದು ಶೆಲ್ಫ್ ಹಾಕಿಸಿ. ತಲೆ ಬಾಚುವುದು, ಕ್ರೀಮು ಹಚ್ಚುವುದಾದರೂ ಹೊರಗೆ ಬರುತ್ತದೆ. ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದು ಬುಟ್ಟಿ, ಒಂದು ಟವೆಲ್ ಕಂಬಿ ಕೊಡಿ. ಸ್ನಾನದ ಸರದಿಯನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ಒಬ್ಬರೋ ಇಬ್ಬರೋ ಸಂಜೆಯ ಸ್ನಾನಕ್ಕೆ ಒಪ್ಪಿದರೂ ಬೆಳಗಿನ ನೂಕುನುಗ್ಗಲು ಅರ್ಧಕ್ಕೆ ಇಳಿಯುತ್ತದೆ.